ಆಡಿದವರು, ಆಡಿಸಿದವರು

ಆಟದ ವಿಷಯವಾಗಿ ಒಂದು ಭಾಷಣ ಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನಾನು ಮೊದಲು ಒಲ್ಲೆನೆಂದೆ. ನಾನು ಆಟಗಾರನಲ್ಲ. ಆಲೂರು ತಾಲ್ಲೂಕಿನ ಕುಂದೂರು ಸೀಮೆಯಲ್ಲಿ ಮೂರೆಕರೆ ಕಾಫಿ ಇಟ್ಟುಕೊಂಡು, ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಾನಿದ್ದ ಶಾಲೆಯಲ್ಲಿ ಡ್ರಿಲ್ ಮೇಷ್ಟರ ಜಾಗ ಬಹುಕಾಲ ಖಾಲಿಯಿತ್ತಾಗಿ, ಹಳಗನ್ನಡ ವ್ಯಾಕರಣ ಬಲ್ಲವನ ಕೊರಳಿಗೆ ಸೀಟಿಯೂ ಬಂದು ಬಿತ್ತು. ಆ ಸೀಟಿಯ ಋಣ ಒಂದಿಷ್ಟು ಇನ್ನೂ ತೀರದೆ ಉಳಿದಿದೆ. ಆದಕಾರಣ ಒಪ್ಪಿಕೊಂಡೆ.

ಆಡಿ ಗೆದ್ದವನು ಇತರರನ್ನು ಆಡಿಸಿಯೂ ಗೆಲ್ಲಬಲ್ಲನೆ? ಮೇಲುನೋಟಕ್ಕೆ ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲವೆನಿಸುತ್ತದೆ. ಬಲ್ಲವನೇ ಬಲ್ಲ ಬೆಲ್ಲದ ರುಚಿಯ ಎಂದು ಗಾದೆಯೇ ಇದೆಯಲ್ಲ. ಆದರೆ ಬೆಲ್ಲದ ರುಚಿ ಬಲ್ಲವನಿಗೆಲ್ಲ ಆಲೆಮನೆಯ ಪಾಕದ ಹದವೂ ತಿಳಿದಿರುತ್ತದೆಂದು ಹೇಳಲಾಗದು. ನಮ್ಮ ನೆರೆಯ ಕೊಡಗಿನ ಎಂ. ಪಿ. ಗಣೇಶ್ ಕಾಲ್ಚೆಂಡಿನಿಂದ ಹಾಕಿಗೆ ಬಂದವರು. 1973ರಲ್ಲಿ ಆಂಸ್ಟರ್‌ಡ್ಯಾಮಿನ ವಿಶ್ವಕಪ್ಪಿನಲ್ಲಿ ದೇಶದ ನಾಯಕರಾಗಿದ್ದರು, ಮುಂದೆ ತರಬೇತುದಾರರೂ ಆದರು. ನಮ್ಮ ಜಿಲ್ಲೆಯ ಜಾವಗಲ್ಲನ್ನು ಹೆಸರಿನಲ್ಲಿಯೇ ಹೊತ್ತ ಶ್ರೀನಾಥರು ಆಟ ಬಿಟ್ಟ ಮೇಲೆ ಪಂದ್ಯಗಳ ರೆಫರಿಯಾದರು. ಚೆಂಡು ಕೈಬಿಟ್ಟ ಮೇಲೂ ಮೈದಾನ ಕೈಬಿಡದಂತೆ ನೋಡಿಕೊಳ್ಳುವ ದಾರಿಗಳು ಹಲವು. ಅವುಗಳಲ್ಲಿ ಅತ್ಯಂತ ಕಷ್ಟದ್ದು ಇನ್ನೊಬ್ಬರ ಮಕ್ಕಳನ್ನು ಆಡಿಸುವುದೆಂದು ನನ್ನ ಎಣಿಕೆ.

ಆಸ್ಟ್ರೇಲಿಯದಲ್ಲಿ ಅವರದೇ ಆದ ಒಂದು ಕಾಲ್ಚೆಂಡಾಟವಿದೆ. ಕ್ರಿಕೆಟ್ಟಿನ ದುಂಡು ಮೈದಾನದಲ್ಲಿಯೇ ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಪಕ್ಷಕ್ಕೆ ಹದಿನೆಂಟು ಮಂದಿ ಆಡುವ ಆಟ. ಹೆಸರಿಗೆ ಕಾಲ್ಚೆಂಡು, ಆದರೆ ಕೈಗೂ ಅಷ್ಟೇ ಕೆಲಸ. ಇದು ಹುಟ್ಟಿದ್ದು ನಮ್ಮ ಕ್ರಿಕೆಟ್ಟಿನ ಹೊಟ್ಟೆಯಿಂದಲೇ. ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಂತೆ ಒಂದು ಕಾಲ್ಚೆಂಡಿನ ಕೂಟ ಬೇಕೆಂದು ಕೇಳಿದ. ಮರುವರ್ಷ ಮೆಲ್ಬರ್ನಿನಲ್ಲಿ ಆ ಆಟದ ನಿಯಮಗಳು ಬರಹಕ್ಕಿಳಿದವು. ಈ ವಿಲ್ಸನ ತಂದೆಯನ್ನೂ ಅವರ ಬಳಗದ ಹದಿನೆಂಟು ಮಂದಿಯನ್ನೂ 1861ರಲ್ಲಿ ಕ್ವೀನ್ಸ್‌ಲೆಂಡಿನಲ್ಲಿ ಆದಿವಾಸಿಗಳು ಕೊಂದರು. ಬಿಳಿಯರು ಅದಕ್ಕೆ ತೀರಿಸಿಕೊಂಡ ಸೇಡು ಅದಕ್ಕಿಂತ ಎಷ್ಟೋ ಪಾಲು ಘೋರವಾಗಿತ್ತು. ಆದರೆ ಐದು ವರ್ಷ ಕಳೆಯುವುದರೊಳಗೆ ಅದೇ ವಿಲ್ಸ್ ವಿಕ್ಟೋರಿಯದ ಆದಿವಾಸಿ ಹುಡುಗರಿಗೆ ಕ್ರಿಕೆಟ್ ಕಲಿಸಲು ಹೋದ. 1866ರ ಕ್ರಿಸ್ಮಸ್ ಮರುದಿನ ಅವರನ್ನು ಮೆಲ್ಬರ್ನಿನ ಮಹಾ ಮೈದಾನಕ್ಕಿಳಿಸಿ ತಾನೂ ಜೊತೆಗೆ ಆಡಿದ. ಅವನು ಏಕೆ ಹೋದನೆಂಬುದನ್ನು ಚರಿತ್ರಕಾರರು ಇಂದಿಗೂ ವಾದಿಸುತ್ತಾರೆ. ನನಗೆ ಕಾರಣಕ್ಕಿಂತ ಆ ಹೋಗುವಿಕೆಯೇ ದೊಡ್ಡದಾಗಿ ಕಾಣುತ್ತದೆ.

ಆ ಕಾಲ್ಚೆಂಡಿನ ಮಹಾಪುರುಷ ರಾನ್ ಬರಾಸಿ. ಐದು ವರ್ಷದ ಮಗುವಾಗಿದ್ದಾಗ ತಂದೆ ತೊಬ್ರೂಕಿನ ಯುದ್ಧದಲ್ಲಿ ಮಡಿದರು. ಹದಿಹರೆಯದ ಹುಡುಗನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದವರು ಮೆಲ್ಬರ್ನ್ ತಂಡದ ತರಬೇತುದಾರ ನಾರ್ಮ್ ಸ್ಮಿತ್. ನಮ್ಮ ಗುರುಕುಲದ ಕಲ್ಪನೆಗೆ ಇದಕ್ಕಿಂತ ಹತ್ತಿರದ್ದನ್ನು ನಾನು ಪಶ್ಚಿಮದಲ್ಲಿ ಕಂಡಿಲ್ಲ. ಅದೇ ತಂಡಕ್ಕೆ ಆಡಿ ಬರಾಸಿ ಆರು ಪ್ರಶಸ್ತಿ ಗೆದ್ದರು. ಬಳಿಕ ಗುರುವನ್ನು ಬಿಟ್ಟು 1965ರಲ್ಲಿ ಕಾರ್ಲ್‌ಟನ್ ತಂಡದ ನಾಯಕರೂ ತರಬೇತುದಾರರೂ ಆಗಿ ಹೊರಟಾಗ ಊರಿಗೆ ಊರೇ ಬೆರಗಾಯಿತು. 1970ರ ಅಂತಿಮ ಪಂದ್ಯದಲ್ಲಿ 1,21,696 ಮಂದಿ ನೆರೆದಿದ್ದರು. ಅರ್ಧ ಆಟ ಮುಗಿದಾಗ ಬರಾಸಿಯವರ ತಂಡ 44 ಅಂಕ ಹಿಂದೆ ಬಿದ್ದಿತ್ತು. ಚೆಂಡನ್ನು ದೂರಕ್ಕೆ ಒದೆಯುವುದನ್ನು ಬಿಟ್ಟು, ಕೈಯಿಂದ ಕೈಗೆ ದಾಟಿಸುತ್ತ ಓಡಿರೆಂದು ಅವರು ಹುಡುಗರಿಗೆ ಹೇಳಿದರು. ತಂಡ 10 ಅಂಕಗಳಿಂದ ಗೆದ್ದಿತು. ತಾವಾಡಿದ ಆಟವನ್ನು ಅವರು ಹುಡುಗರ ಮೇಲೆ ಹೇರಲಿಲ್ಲ. ಆವರೆಗೆ ಅಷ್ಟಾಗಿ ಯಾರೂ ಆಡದಿದ್ದ ಆಟವನ್ನು ಆಡಿಸಿದರು. ಅವರು ತೀರಿಕೊಂಡದ್ದು 2023ರಲ್ಲಿ.

ಇಷ್ಟು ದೂರ ಸುತ್ತಿ ಬಂದದ್ದು ಬೆಂಗಳೂರಿನ ಒಬ್ಬರ ಬಾಗಿಲಿಗೆ ಬರಲೆಂದೇ. ಕೇಳುಗರು ಆಗಲೇ ಊಹಿಸಿರಬೇಕು.

ರಾಹುಲ್ ದ್ರಾವಿಡ್ ಹುಟ್ಟಿದ್ದು 1973ರ ಜನವರಿ 11ರಂದು, ಇಂದೋರಿನಲ್ಲಿ. ಬೆಳೆದದ್ದು ಬೆಂಗಳೂರಿನಲ್ಲಿ. ತಂದೆ ಕಿಸಾನ್ ಕಂಪನಿಯಲ್ಲಿದ್ದ ಕಾರಣ ಮಗನಿಗೆ 'ಜ್ಯಾಮಿ' ಎಂಬ ಅಡ್ಡಹೆಸರು ಅಂಟಿತು. ತಾಯಿ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕಿ. ಕೇಕಿ ತಾರಾಪೂರ್ ಅವರ ಬೇಸಿಗೆ ಶಿಬಿರದಲ್ಲಿ ಬಾಲಕ ದ್ರಾವಿಡರು ಮೊದಲ ಪಾಠ ಕಲಿತರು. ಅವರ ಬ್ಯಾಟುಗಾರಿಕೆಯನ್ನು ನೋಡುವಾಗಲೆಲ್ಲ ಗೋಡೆಗೆ ಇಟ್ಟಿಗೆ ಕಟ್ಟುವವನ ಮಟ್ಟಗೋಲು ನೆನಪಾಗುತ್ತಿತ್ತು. 'ಗೋಡೆ' ಎಂದು ಜನ ಅವರನ್ನು ಕರೆದದ್ದು ಪ್ರೀತಿಯಿಂದಲೇ ಆದರೂ, ಗೋಡೆಯೆಂದರೆ ತಾನಾಗಿ ನಿಂತದ್ದೆಂಬ ಭಾವ ಬಂದುಬಿಡುತ್ತದೆ. ದಿನದಿನವೂ ಕಟ್ಟಿದವರ ಬೆವರು ಆ ಹೆಸರಿನಲ್ಲಿ ಮರೆಯಾಗುತ್ತದೆ.

1996ರ ಆ ಜೂನ್ ನನಗೆ ಚೆನ್ನಾಗಿ ನೆನಪಿದೆ. ನಮ್ಮಲ್ಲಿ ಮಳೆ ಹಿಡಿದು ಕೂತಿತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಬ್ಯಾಟರಿ ಟ್ರಾನ್ಸಿಸ್ಟರನ್ನು ಅಕ್ಕಿಮೂಟೆಯ ಮೇಲಿಟ್ಟು, ಗೊರಗೊರ ಸದ್ದಿನ ನಡುವೆ ಲಾರ್ಡ್ಸಿನ ವೀಕ್ಷಕ ವಿವರಣೆಯನ್ನು ಹೆಕ್ಕಿಕೊಳ್ಳುತ್ತಿದ್ದೆ. ಮೊದಲ ಟೆಸ್ಟಿನಲ್ಲಿಯೇ ಏಳನೆಯವರಾಗಿ ಬಂದ ದ್ರಾವಿಡರು 95ಕ್ಕೆ ಔಟಾದರು. ಗಂಗೂಲಿ ನೂರು ದಾಟಿದ್ದರಿಂದ ಮರುದಿನದ ಹೊಗಳಿಕೆಯೆಲ್ಲ ಅತ್ತ ಹೋಯಿತು. ಮುಂದೆಯೂ ಬಹುಸಲ ಹೀಗೆಯೇ ಆಯಿತು. 2001ರ ಮಾರ್ಚ್ 14ರಂದು ಕೊಲ್ಕತ್ತದಲ್ಲಿ ಅವರೂ ಲಕ್ಷ್ಮಣರೂ ಇಡೀ ದಿನ ಔಟಾಗದೆ ನಿಂತು 335 ಓಟ ಕೂಡಿಸಿದರು. ಜೊತೆಯಾಟದ ಮೊತ್ತ 376. ಫಾಲೋಆನ್ ಆಗಿದ್ದ ತಂಡ 171 ಓಟಗಳಿಂದ ಗೆದ್ದಿತು. ಎಲ್ಲರ ಬಾಯಲ್ಲೂ ಲಕ್ಷ್ಮಣರ 281. ದ್ರಾವಿಡರ 180 ಅದರ ನೆರಳಿನಲ್ಲಿ ನಿಂತಿತು. ಆ ವಾರ ನಾವೆಲ್ಲ ಹೂಮಳೆಗಾಗಿ ಆಕಾಶ ನೋಡುತ್ತಿದ್ದೆವು. ಕಾಫಿಗಿಡದ ಮೊಗ್ಗು ಕಡ್ಡಿಯಂತೆ ನಿಂತು ಕಾಯುವ ಕಾಲವದು. ಕಾಯುವುದೂ ಒಂದು ಕೆಲಸವೆಂಬುದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಇಬ್ಬರ ಆಟ ನಮಗೆ ಅಷ್ಟು ಬೇಗ ಅರ್ಥವಾದದ್ದಕ್ಕೆ ಅದೂ ಕಾರಣವಿರಬೇಕು.

ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: 164 ಟೆಸ್ಟು, 13,288 ಓಟ, 36 ಶತಕ. ಟೆಸ್ಟ್ ಆಟದಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಅಷ್ಟನ್ನು ಎದುರಿಸಿದವರು ಬೇರೊಬ್ಬರಿಲ್ಲ. ತಂಡಕ್ಕೆ ಬೇಕೆಂದಾಗ ವಿಕೆಟ್ ಹಿಂದೆ ಕೈಗವಸು ತೊಟ್ಟು ನಿಂತರು. 2003ರ ವಿಶ್ವಕಪ್ಪಿನಲ್ಲಿ ಆ ಕೆಲಸ ಮಾಡಿದವರು ಅವರೇ. 2008ರಲ್ಲಿ ಸಿಡ್ನಿಯಲ್ಲಿ 18 ಓಟದಲ್ಲಿ ಸಿಕ್ಕಿಕೊಂಡು ನಲವತ್ತು ಚೆಂಡು ಕಳೆದು ಹತ್ತೊಂಬತ್ತನೆಯದನ್ನು ತೆಗೆದಾಗ ಪ್ರೇಕ್ಷಕರು ಶತಕವೇ ಬಂತೆಂಬಂತೆ ಚಪ್ಪಾಳೆ ತಟ್ಟಿದರು. ದ್ರಾವಿಡರು ನಗುತ್ತ ಬ್ಯಾಟೆತ್ತಿದರು. ಈ ನಗುವನ್ನು ನೆನಪಿಟ್ಟುಕೊಳ್ಳಿ. ಆಸ್ಟ್ರೇಲಿಯದವರು ಅವರನ್ನು ಗೇಲಿ ಮಾಡಿದ್ದೂ ಉಂಟು, ಗೌರವಿಸಿದ್ದೂ ಉಂಟು. 2011ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಬ್ರಾಡ್‌ಮನ್ ಉಪನ್ಯಾಸ ಕೊಡಲು ಕರೆದರು. ಹೊರದೇಶದ ಕ್ರಿಕೆಟಿಗರಿಗೆ ಆ ವೇದಿಕೆ ದೊರೆತದ್ದು ಅದೇ ಮೊದಲು. ಅದೇ ಪ್ರವಾಸದಲ್ಲಿ ಚೆಂಡು ಮತ್ತೆ ಮತ್ತೆ ಅವರ ಬ್ಯಾಟಿಗೂ ಪ್ಯಾಡಿಗೂ ನಡುವೆ ನುಸುಳಿ ದಾಂಡು ಉರುಳಿಸಿತು. ಗೋಡೆಯಲ್ಲಿ ಸಂದು ಬಿಟ್ಟಿತ್ತು. 2012ರ ಮಾರ್ಚಿನಲ್ಲಿ ನಿವೃತ್ತಿ ಘೋಷಿಸಿದರು.

ನಾಯಕರಾಗಿ ಅವರ ಭಾಗ್ಯ ಅಷ್ಟು ಸುಖದ್ದಲ್ಲ. ವೆಸ್ಟ್ ಇಂಡೀಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಟೆಸ್ಟ್ ಸರಣಿ ಗೆದ್ದುಕೊಟ್ಟವರೇ; ಆದರೆ ಜನಕ್ಕೆ ನೆನಪಿರುವುದು 2007ರ ವಿಶ್ವಕಪ್ಪು. ಟ್ರಿನಿಡಾಡಿನಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕೆಗೂ ಸೋತು ಮೊದಲ ಸುತ್ತಿನಲ್ಲಿಯೇ ತಂಡ ಮನೆಗೆ ಬಂತು. ಅದೇ ವರ್ಷ ನಾಯಕತ್ವ ಬಿಟ್ಟರು.

ಇಂಥವರು ಆಟ ನಿಲ್ಲಿಸಿದ ಮೇಲೆ ವೀಕ್ಷಕ ವಿವರಣೆಯ ಪೆಟ್ಟಿಗೆಯಲ್ಲಿ ಕುಳಿತು ಆರಾಮವಾಗಿ ಕಾಲ ಕಳೆಯಬಹುದಾಗಿತ್ತು. ಆದರೆ ಅವರು 2015ರಲ್ಲಿ ಒಪ್ಪಿಕೊಂಡದ್ದು ದೇಶದ 'ಎ' ತಂಡದ ಮತ್ತು 19 ವರ್ಷದೊಳಗಿನ ಹುಡುಗರ ತರಬೇತಿಯನ್ನು. ಕ್ಯಾಮೆರಾ ಹೆಚ್ಚಾಗಿ ತಿರುಗದ ಕಡೆ. ಅಲ್ಲಿ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಪ್ರವಾಸಕ್ಕೆ ಹೋದ ಹುಡುಗರೆಲ್ಲರಿಗೂ ಆಡಲು ಅವಕಾಶ ಕೊಡುವುದು. ಎಳೆಯ ವಯಸ್ಸಿನಲ್ಲಿ ತಂಡದೊಡನೆ ಹೋಗಿ, ಒಂದು ಪಂದ್ಯವನ್ನೂ ಆಡದೆ ಪೆಟ್ಟಿಗೆ ಹೊತ್ತು ಹಿಂದಿರುಗುವ ಹುಡುಗನ ಸಂಕಟವನ್ನು ತಾವೇ ಕಂಡವರಾದ್ದರಿಂದ ಅವರು ಇದನ್ನು ಬಿಡಲಿಲ್ಲ. 19 ವರ್ಷದೊಳಗಿನವರ ವಿಶ್ವಕಪ್ಪನ್ನು ಒಬ್ಬ ಹುಡುಗ ಒಂದೇ ಬಾರಿ ಆಡತಕ್ಕದ್ದೆಂಬ ನಿಯಮವೂ ಅವರ ಕಾಲದಲ್ಲಿಯೇ, 2016ರಲ್ಲಿ ಬಂತು. ಆ ವರ್ಷದ ಅಂತಿಮ ಪಂದ್ಯದಲ್ಲಿ ಅವರ ಹುಡುಗರು ವೆಸ್ಟ್ ಇಂಡೀಸಿಗೆ ಸೋತಿದ್ದರು. ಸೋತ ಹುಡುಗರನ್ನೇ ಮತ್ತೆ ತಂದು ಗೆಲ್ಲೋಣವೆಂಬ ದಾರಿ ಆ ನಿಯಮದಿಂದ ಮುಚ್ಚಿತು. 2018ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಮೌಂಟ್ ಮಾಂಗನೂಯಿಯಲ್ಲಿ ಹೊಸ ಹುಡುಗರು ಆಸ್ಟ್ರೇಲಿಯವನ್ನು ಎಂಟು ವಿಕೆಟ್ಟಿನಿಂದ ಸೋಲಿಸಿದರು. ಮಂಡಳಿ ದ್ರಾವಿಡರಿಗೆ 50 ಲಕ್ಷ, ಜೊತೆಯ ಸಿಬ್ಬಂದಿಗೆ ತಲಾ 20 ಲಕ್ಷ ಸಾರಿತು. ಎಲ್ಲರೂ ದುಡಿದದ್ದು ಒಂದೇ ಬಗೆಯಲ್ಲಿ ಎಂದು ಅವರು ತಕರಾರು ತೆಗೆದರು. ಕೊನೆಗೆ ಅವರನ್ನೂ ಸೇರಿಸಿ ಎಲ್ಲರಿಗೂ 25 ಲಕ್ಷವಾಯಿತು. ತಮ್ಮ ಪಾಲನ್ನು ಅರ್ಧಮಾಡಿಕೊಳ್ಳಲು ತಕರಾರು ತೆಗೆದವರು ನಮ್ಮ ತಾಲ್ಲೂಕು ಕಚೇರಿಯ ದಾಖಲೆಗಳಲ್ಲಂತೂ ಸಿಕ್ಕಾರೆಂದು ನನಗನ್ನಿಸುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. 2015ರ ಡಿಸೆಂಬರ್ ಮೊದಲ ದಿನ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಮಾಡುತ್ತ ದ್ರಾವಿಡರು ಹುಡುಗರ ವಯಸ್ಸನ್ನು ತಿದ್ದುವ ಪಿಡುಗನ್ನೆತ್ತಿ, ಅದನ್ನು ಪಂದ್ಯದ ಮೋಸದಾಟದ ಸಾಲಿಗೆ ಸೇರಿಸಿದರು. ವಯಸ್ಸು ಕದ್ದ ಹುಡುಗ ಗೆಲ್ಲುವುದು ಚೆನ್ನಾಗಿ ಆಡುತ್ತಾನೆಂದಲ್ಲ, ಮೈಯಲ್ಲಿ ದೊಡ್ಡವನೆಂದು. ಅವನ ದೆಸೆಯಿಂದ ಪ್ರಾಮಾಣಿಕ ಹುಡುಗನೊಬ್ಬನ ಜಾಗ ಹೋಗುತ್ತದೆ. ಇದನ್ನು ಮಾಡಿಸುವವರು ತಂದೆತಾಯಿ ಮತ್ತು ತರಬೇತುದಾರರು ಎಂಬುದು ಅವರ ಮಾತಿನ ತಾತ್ಪರ್ಯ. ನಾನು ಅದನ್ನು ಓದಿದ್ದು ಕಾಫಿ ಕಣದ ಬದಿಯಲ್ಲಿ ಕುಳಿತು. ಹಣ್ಣು ಕೊಯ್ಯುವ ಕಾಲ. ಪತ್ರಿಕೆಯನ್ನು ಮಡಿಸಿಟ್ಟು ಬಹಳ ಹೊತ್ತು ಕುಂಟೆ ಹಿಡಿದು ಸುಮ್ಮನೆ ಕಾಫಿ ಎಳೆದೆ.

ಲಾರ್ಡ್ಸಿನಲ್ಲಿ ಅವರು 95 ಹೊಡೆದ ವರ್ಷವೇ ಮಳೆಗಾಲದ ಕೊನೆಗೆ ತಾಲ್ಲೂಕು ಕ್ರೀಡಾಕೂಟ. ನಮ್ಮ ಶಾಲೆಯ ಕಬಡ್ಡಿ ತಂಡಕ್ಕೆ ಹೊಣೆ ನಾನು. ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದ. ಲೈನ್ ಮನೆಯವನು, ಕಡ್ಡಿಯಂತಿದ್ದ. ರೈಡಿಗೆ ಹೋದರೆ ಉಡದಂತೆ ನೆಲಕ್ಕಂಟಿ ಜಾರಿ ಬರುತ್ತಿದ್ದ. ಆದರೆ ಹಿಡಿತದಲ್ಲಿ ತೂಕ ಸಾಲದೆಂದು ನನಗೆ ಅಳುಕು. ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಸೇರಿದ್ದ ಹದಿನಾರರ ಹುಡುಗನೊಬ್ಬನನ್ನು ಕರೆಸಿ, ಕಾಗದದಲ್ಲಿ ಜನ್ಮದಿನವನ್ನು ನನ್ನ ಕೈಯಾರ ತಿದ್ದಿದೆ. ಯಾರೂ ಹೇಳಿ ಮಾಡಿಸಲಿಲ್ಲ. ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆಂದು ನನಗೆ ನಾನೇ ಹೇಳಿಕೊಂಡೆ. ನನ್ನ ಅಕ್ಷರ ದುಂಡಗಿದೆ, ತಿದ್ದಿದ್ದು ಕಾಣಿಸಲಿಲ್ಲ. ಕನ್ನಡ ಮೇಷ್ಟರ ಅಕ್ಷರ ಅಂಥ ಕೆಲಸಕ್ಕೂ ಒದಗುತ್ತದೆ. ಆಲೂರಿನಲ್ಲಿ ನಾವು ಗೆದ್ದೆವು. ಜಿಲ್ಲಾ ಕೂಟಕ್ಕೆ ಹಾಸನಕ್ಕೆ ಹೋಗಿ ಮೊದಲ ಪಂದ್ಯದಲ್ಲಿಯೇ ಸೋತು ಬಂದೆವು. ಅಲ್ಲಿ ಎದುರಿನವರ ಬಳಿ ಹದಿನೇಳರವರು ಇದ್ದಿರಬೇಕು! ಈ ಎರಡೂ ಕಡೆ ಆ ಪುಟ್ಟ ಹುಡುಗ ಅಂಗಳದ ಹೊರಗೆ ಕುಳಿತು ಎಲ್ಲರ ಚಪ್ಪಲಿ, ಶರಟು, ನೀರಿನ ಕೊಡ ಕಾದ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಆಟ ಸಿಕ್ಕಿದ್ದರೆ ಬರುತ್ತಿದ್ದನೆಂದು ನಾನು ಹೇಳುವುದಿಲ್ಲ. ಅವರ ಮನೆಯ ಕಷ್ಟ ಬೇರೆಯೇ ಇತ್ತು. ಆದರೂ.

ದ್ರಾವಿಡರ ಕಥೆ ಮುಂದೆ ಎಲ್ಲರಿಗೂ ಗೊತ್ತಿರುವುದೇ. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು. 2021ರ ಜನವರಿಯಲ್ಲಿ ಗಾಯಾಳುಗಳಿಂದ ಅರ್ಧ ಬರಿದಾಗಿದ್ದ ತಂಡ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿದಾಗ, ಅಲ್ಲಿ ಆಡಿದ ಗಿಲ್, ಸಿರಾಜ್, ಪಂತ್, ಸುಂದರ್ ಮುಂತಾದ ಹುಡುಗರು ಅವರ ಕೈಯಲ್ಲಿ ಪಳಗಿದವರೆಂದು ಪತ್ರಿಕೆಗಳು ಬರೆದವು. ಶ್ರೇಯಸ್ಸು ಹುಡುಗರದ್ದೆಂದು ಹೇಳಿ ಅವರು ಸರಿದುಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಹಿರಿಯರ ತಂಡದ ಮುಖ್ಯ ತರಬೇತುದಾರರಾದರು. 2022ರಲ್ಲಿ ಅಡಿಲೇಡಿನ ಸೆಮಿಫೈನಲ್ಲಿನಲ್ಲಿ ಹತ್ತು ವಿಕೆಟ್ಟಿನ ಸೋಲು. 2023ರ ಜೂನಿನಲ್ಲಿ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಕೊನೆಯ ಪಂದ್ಯ ಸೋಲು. ಅದೇ ನವೆಂಬರ್ 19ರಂದು, ಹತ್ತು ಪಂದ್ಯ ಸತತ ಗೆದ್ದು ಬಂದು ಅಹಮದಾಬಾದಿನಲ್ಲಿ ಸೋಲು. ಕೆಲಸ ಬಿಟ್ಟು ಹೋಗುವುದರಲ್ಲಿದ್ದವರನ್ನು ರೋಹಿತ್ ಶರ್ಮ ಫೋನು ಮಾಡಿ ಉಳಿಸಿಕೊಂಡರು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ದಕ್ಷಿಣ ಆಫ್ರಿಕವನ್ನು ಏಳು ಓಟಗಳಿಂದ ಸೋಲಿಸಿ ಟಿ-20 ವಿಶ್ವಕಪ್ಪು ಬಂತು. ಹದಿನೇಳು ವರ್ಷದ ಹಿಂದೆ ಅವಮಾನ ಕಂಡ ಅದೇ ಕಡಲದ್ವೀಪಗಳ ಸೀಮೆ. ಕೊಹ್ಲಿ ಕಪ್ಪನ್ನು ಕೈಗಿತ್ತಾಗ ಈ ಸಂಯಮಿ ಅದನ್ನೆತ್ತಿ ಗಂಟಲು ಹರಿಯುವಂತೆ ಕೂಗಿದರು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಬೆಚ್ಚಿ, ಇವರಿಗೆ ಇಷ್ಟು ದೊಡ್ಡ ದನಿಯೂ ಇತ್ತೆ ಎಂದಳು.

ನನಗೆ ಆ ಕೂಗಿಗಿಂತ ಇನ್ನೊಂದು ಚಿತ್ರ ಹೆಚ್ಚು ಪ್ರಿಯ. 2025ರಲ್ಲಿ ರಾಜಸ್ಥಾನ ರಾಯಲ್ಸ್ ತಂಡಕ್ಕೆ ಅವರು ತರಬೇತುದಾರರು. ಬೆಂಗಳೂರಿನ ಲೀಗ್ ಪಂದ್ಯವೊಂದರಲ್ಲಿ ಮಗನ ಜೊತೆ ಆಡುತ್ತ ಕಾಲಿಗೆ ಪೆಟ್ಟು ಮಾಡಿಕೊಂಡು, ಊರುಗೋಲಿನಲ್ಲಿಯೂ ಗಾಲಿಕುರ್ಚಿಯಲ್ಲಿಯೂ ಮೈದಾನಕ್ಕೆ ಬರುತ್ತಿದ್ದರು. ಏಪ್ರಿಲ್ 28ರಂದು ಜೈಪುರದಲ್ಲಿ ವೈಭವ್ ಸೂರ್ಯವಂಶಿ ಎಂಬ ಹದಿನಾಲ್ಕರ ಬಾಲಕ 35 ಚೆಂಡಿನಲ್ಲಿ ನೂರು ಹೊಡೆದ. ನಲವತ್ತು ಚೆಂಡಿಗೆ ಒಂದು ಓಟ ತೆಗೆದು ನಕ್ಕಿದ್ದವರು ಆ ಕುರ್ಚಿಯಿಂದ ತಟ್ಟನೆ ಎದ್ದು, ಕಾಲಿನ ನೋವನ್ನೇ ಮರೆತು ನಿಂತು, ಕೈಯೆತ್ತಿ ಚಪ್ಪಾಳೆ ತಟ್ಟಿದರು. ಆ ಹುಡುಗನ ಆಟದಲ್ಲಿ ದ್ರಾವಿಡರ ಆಟದ ಒಂದು ಎಳೆಯೂ ಇರಲಿಲ್ಲ. ಆ ವರ್ಷ ತಂಡ ಒಂಬತ್ತನೆಯ ಸ್ಥಾನಕ್ಕಿಳಿಯಿತು, ಆಗಸ್ಟಿನಲ್ಲಿ ಅವರು ಆ ಹುದ್ದೆಯನ್ನೂ ಬಿಟ್ಟರು.

ಅದೇ ಮಳೆಗಾಲದಲ್ಲಿ ಆಲೂರಿನ ಸಂತೆಯಲ್ಲಿ ನನ್ನ ಆ ಹಳೆಯ ಹುಡುಗ ಸಿಕ್ಕಿದ. ಈಗ ನಲವತ್ತು ದಾಟಿದ ಗೃಹಸ್ಥ. ತೋಟಗಳಿಗೆ ಆಳುಗಳನ್ನು ಕರೆದೊಯ್ಯುವ ಜೀಪು ಇಟ್ಟಿದ್ದಾನೆ. ನಾನು ಬಹಳ ವರ್ಷಗಳಿಂದ ಕೂಡಿಟ್ಟುಕೊಂಡ ಮಾತನ್ನು ಹೇಗೋ ಹೇಳಿದೆ. ಜನ್ಮದಿನ ತಿದ್ದಿದ್ದನ್ನೂ ಮುಚ್ಚಿಡಲಿಲ್ಲ. ಅವನು ಸ್ವಲ್ಪ ಹೊತ್ತು ಜೀಪಿನ ಬಾಗಿಲನ್ನು ನೋಡುತ್ತ ನಿಂತು, “ನಂಗೊತ್ತಿತ್ತು ಮೇಷ್ಟ್ರೇ. ಅವನು ನಮ್ಮ ಲೈನ್ ಮನೇವನೇ ಅಲ್ವಾ, ಅವನ ವಯಸ್ಸು ನಂಗೊತ್ತಿಲ್ವಾ?” ಎಂದ. ನನಗೆ ಬೇರೆ ಮಾತು ಹೊರಡಲಿಲ್ಲ. ಅವನೇ ಮುಂದುವರಿಸಿದ: “ಅದು ಹೋಗ್ಲಿ ಬಿಡಿ. ನನ್ ಮಗಳಿಗೆ ಹನ್ನೊಂದು. ಕಬಡ್ಡಿ ಅಂದ್ರೆ ಪ್ರಾಣ. ಭಾನುವಾರ ಒಂದೆರಡು ಗಂಟೆ ಆಡಿಸ್ತೀರಾ?”

ಆ ಭಾನುವಾರದಿಂದ ಆಡಿಸುತ್ತಿದ್ದೇನೆ. ಗದ್ದೆ ಬಯಲಿನ ಅಂಚಿನಲ್ಲಿ ಸುಣ್ಣದಿಂದ ಅಂಗಳ ಬರೆದಿದ್ದೇವೆ. ಹದಿನಾರು ಮಕ್ಕಳು ಬರುತ್ತಾರೆ, ಹುಡುಗಿಯರು ಒಂಬತ್ತು. ಯಾರನ್ನೂ ಹೊರಗೆ ಕೂರಿಸುವುದಿಲ್ಲ. ನೀರಿನ ಕೊಡ ಕಾಯುವ ಕೆಲಸ ನನ್ನದು. ಅರಣ್ಯ ಇಲಾಖೆಯಿಂದ ಆನೆಗಳ ಹಿಂಡು ಇತ್ತ ಬರುತ್ತಿದೆಯೆಂದು ಮೊಬೈಲಿಗೆ ಸಂದೇಶ ಬಂದರೆ ನಾಲ್ಕು ಗಂಟೆಗೇ ಸೀಟಿ ಊದಿ, ಎಲ್ಲರನ್ನೂ ಅವನ ಜೀಪಿಗೆ ಹತ್ತಿಸಿ ಮನೆಗೆ ಕಳಿಸುತ್ತೇನೆ.